ಓವನ್‌ನಲ್ಲಿ ಖೀಮಾ ಉಂಡೆ, ದಪ್ಪ ಟೊಮೆಟೊ ಸಾಸ್: ದಾವಣಗೆರೆ ಅಡುಗೆಮನೆಯಿಂದ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಮಟನ್ ತಿನ್ನುವ ಮನೆಗಳಲ್ಲಿ ಖೀಮಾ ಉಂಡೆ ಸಾರು ಗೊತ್ತಿಲ್ಲದವರು ಕಡಿಮೆ. ಖೀಮಾಕ್ಕೆ ಪುಟಾಣಿ ಪುಡಿ, ಹಸಿ ಮಸಾಲೆ ಬೆರೆಸಿ ಉಂಡೆ ಕಟ್ಟುವುದು, ಕೊತಕೊತ ಕುದಿಯುವ ಸಾರಿಗೆ ಒಂದೊಂದಾಗಿ ಬಿಡುವುದು, ಒಡೆಯದೆ ಮೇಲೆ ತೇಲಿ ಬಂದರೆ ಸಮಾಧಾನ. ನಾನೀಗ ಹೇಳುವುದು ಅದರ ದೂರದ ನೆಂಟ. ಉಂಡೆಯನ್ನು ಮೊದಲು ಓವನ್‌ನಲ್ಲಿ ಕೆಂಪಗೆ ಬೇಯಿಸಿ, ಆಮೇಲೆ ದಪ್ಪ ಟೊಮೆಟೊ ಸಾಸ್‌ಗೆ ಇಳಿಸುವುದು. ಇಟಲಿಯವರು ಇಂಥ ಉಂಡೆಗೆ ಪೊಲ್ಪೆಟ್ಟೆ ಅಂತಾರೆ. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದವರು ಉಂಡೆಯನ್ನು ದೊಡ್ಡದು ಮಾಡಿ, ಸಾಸ್ ಜಾಸ್ತಿ ಮಾಡಿ, ಸ್ಪಗೆಟಿ ಮೇಲೆ ಹಾಕಿ ತಿನ್ನುವುದನ್ನು ರೂಢಿ ಮಾಡಿದರು.

ಈ ಅಡುಗೆಯಲ್ಲಿ ಎಲ್ಲರೂ ಹೆದರುವುದು ಓವನ್‌ಗೆ. ಉಷ್ಣಾಂಶ ಎಷ್ಟು, ಎಷ್ಟು ನಿಮಿಷ, ಯಾವ ರಾಡ್ ಅಂತ. ನಾನೂ ಶುರುವಿನಲ್ಲಿ ಅದರ ಹಿಂದೆಯೇ ಬಿದ್ದಿದ್ದೆ. ಹತ್ತಾರು ಸಲ ಮಾಡಿದ ಮೇಲೆ ಗೊತ್ತಾಯಿತು, ಉಂಡೆ ಮೆತ್ತಗಾಗುವುದು ಕಲಸುವಾಗಲೇ. ಟ್ರೇ ಒಳಗೆ ಹೋದ ಮೇಲೆ ನಾವು ಸರಿಮಾಡಬಹುದಾದದ್ದು ತುಂಬಾ ಕಡಿಮೆ. ಹಾಗಾಗಿ ಕಲಸುವ ಭಾಗವನ್ನು ಸ್ವಲ್ಪ ಉದ್ದಕ್ಕೇ ಬರೆದಿದ್ದೇನೆ, ಬಿಡದೆ ಓದಿ.

ಏನೇನು ಬೇಕು

ನಾಲ್ಕೈದು ಜನಕ್ಕೆ 20ರಿಂದ 22 ಉಂಡೆ ಆಗುವ ಲೆಕ್ಕ ಇದು. ಪೂರ್ತಿ ಮಾಡಲು ಒಂದೂವರೆ ಗಂಟೆ ಬೇಕು, ಮೊದಲ ಸಲ ಆದರೆ ಎರಡು ಗಂಟೆ ಇಟ್ಟುಕೊಳ್ಳಿ.

ಉಂಡೆಗೆ: ಮಟನ್ ಖೀಮಾ 500 ಗ್ರಾಂ, ಮಂಡಕ್ಕಿ 30 ಗ್ರಾಂ (ಎರಡು ಕಪ್ ತುಂಬ ಬರುತ್ತದೆ), ಹಾಲು 6 ಟೇಬಲ್ ಚಮಚ, ಮೊಟ್ಟೆ 1, ಮಧ್ಯಮ ಗಾತ್ರದ ಈರುಳ್ಳಿ 1, ಬೆಳ್ಳುಳ್ಳಿ 4 ಎಸಳು, ಅರ್ಧ ಇಂಚು ಶುಂಠಿ, ಕುಟ್ಟಿದ ಕಾಳುಮೆಣಸು 1 ಟೀ ಚಮಚ, ಕುಟ್ಟಿದ ಸೋಂಪು ಅರ್ಧ ಟೀ ಚಮಚ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಉಪ್ಪು 1 ಟೀ ಚಮಚ.

ಸಾಸ್‌ಗೆ: ಟೊಮೆಟೊ 1 ಕೆಜಿ, ಈರುಳ್ಳಿ 2, ಬೆಳ್ಳುಳ್ಳಿ 8 ಎಸಳು, ಬ್ಯಾಡಗಿ ಮೆಣಸಿನಕಾಯಿ 4, ಎಣ್ಣೆ 3 ಟೇಬಲ್ ಚಮಚ, ಬೆಣ್ಣೆ 1 ಟೇಬಲ್ ಚಮಚ, ಉಪ್ಪು. ಕಾಮಕಸ್ತೂರಿ ಎಲೆ ಸಿಕ್ಕರೆ ಏಳೆಂಟು.

ಆಲಿವ್ ಎಣ್ಣೆ ಬೇಕೇಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಪಕ್ಕದ ಚಳ್ಳಕೆರೆಗೆ ಎಣ್ಣೆ ಮಿಲ್ಲುಗಳಿಂದಲೇ ಹೆಸರು ಬಂದಿದೆ, ಅಷ್ಟು ಹತ್ತಿರ ಒಳ್ಳೆ ಶೇಂಗಾ ಎಣ್ಣೆ ಇರುವಾಗ ನಾನು ಬೇರೆಯದನ್ನು ಹುಡುಕುವುದಿಲ್ಲ. ಟೊಮೆಟೊ ಹುಳಿಗೆ ಶೇಂಗಾ ಎಣ್ಣೆಯ ಘಮ ಚೆನ್ನಾಗಿ ಹೊಂದುತ್ತದೆ.

ಖೀಮಾ ತರುವಾಗ

ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿ ಜನ ಜಾಸ್ತಿ, ಖೀಮಾ ಹೊಡೆಯುವವರಿಗೂ ಪುರುಸೊತ್ತಿರುವುದಿಲ್ಲ. ಸಾಧ್ಯವಾದರೆ ಬೇರೆ ದಿನ ಹೋಗಿ. ಮೊದಲೇ ಹೊಡೆದಿಟ್ಟ ಖೀಮಾ ಬೇಡ, ಕಣ್ಣೆದುರಿಗೆ ಮಾಡಿಸಿ. "ಅಣ್ಣ, ಭುಜದ ಮಾಂಸ ಕೊಡಿ, ನರ ತೆಗೀರಿ, ನೆಣ ಸ್ವಲ್ಪ ಇರಲಿ, ಎರಡು ಸಲ ಹೊಡೀರಿ" ಅಂದರೆ ಸಾಕು, ಅವರಿಗೆ ಅರ್ಥ ಆಗುತ್ತದೆ.

ನೆಣದ ವಿಷಯ ಸ್ವಲ್ಪ ಹೇಳಬೇಕು. ನೆಣ ಆರೋಗ್ಯಕ್ಕೆ ಒಳ್ಳೆಯದಲ್ಲ ಅಂತ ಮೊದಲ ಸಲ ಎಲ್ಲವನ್ನೂ ತೆಗೆಸಿದ್ದೆ. ಉಂಡೆ ನೋಡಲು ಚೆನ್ನಾಗಿ ಬಂದರೂ ಬಾಯಿಗೆ ಹಾಕಿದರೆ ಒಣ ಒಣ, ಅಗಿದಷ್ಟೂ ಹುಡಿ. 500 ಗ್ರಾಂನಲ್ಲಿ 75ರಿಂದ 100 ಗ್ರಾಂ ನೆಣ ಇರಲೇಬೇಕು. ಅದರಲ್ಲಿ ಒಂದಷ್ಟು ಟ್ರೇಗೆ ಕರಗಿ ಇಳಿಯುತ್ತದೆ, ಉಳಿದದ್ದು ಉಂಡೆಯನ್ನು ತೇವವಾಗಿ ಇಡುತ್ತದೆ. ಕುರಿಯಾದರೆ ನೆಣ ತಾನಾಗಿಯೇ ಇರುತ್ತದೆ. ಮೇಕೆಯಾದರೆ ಕೇಳಿ ಹಾಕಿಸಿ.

ಖೀಮಾವನ್ನು ಮನೆಗೆ ತಂದು ನೀರಿನಲ್ಲಿ ತೊಳೆಯಬೇಡಿ. ನಮ್ಮವ್ವ ಇದನ್ನು ಒಪ್ಪುವುದೇ ಇಲ್ಲ, ತೊಳೆಯದೆ ಹೇಗೆ ಅಂತಾರೆ. ಆದರೆ ಖೀಮಾ ಅಂದರೆ ಸಣ್ಣಗೆ ಹರಿದ ಮಾಂಸ, ನೀರು ಒಳಗೆ ನಿಂತುಬಿಡುತ್ತದೆ, ರುಚಿ ಹೊರಗೆ ಹೋಗುತ್ತದೆ, ಉಂಡೆ ಕಟ್ಟಲು ಬರುವುದಿಲ್ಲ, ಸಿಂಕ್ ಸುತ್ತ ಹಸಿ ಮಾಂಸದ ನೀರು ಬೇರೆ ಸಿಡಿಯುತ್ತದೆ. ಕ್ರಿಮಿ ಸಾಯುವುದು ಬೇಯುವಾಗ. ಮನಸ್ಸು ಒಪ್ಪದಿದ್ದರೆ ಅಂಗಡಿಯಲ್ಲಿ ತುಂಡು ಇರುವಾಗಲೇ ತೊಳೆಸಿ, ನೀರು ಬಸಿದು, ಆಮೇಲೆ ಹೊಡೆಸಿ. ನಮ್ಮ ಮನೆಯಲ್ಲಿ ಈಗ ನಡೆಯುವುದು ಹಾಗೆಯೇ.

ಚಿಕನ್‌ನಲ್ಲೂ ಮಾಡಬಹುದು, ಎದೆ ಭಾಗ ಬಿಟ್ಟು ತೊಡೆ ಮಾಂಸ ತೆಗೆದುಕೊಳ್ಳಿ.

ಪುಟಾಣಿ ಪುಡಿ ಬೇಡ, ಮಂಡಕ್ಕಿ ಹಾಕಿ

ಸಾರಿನ ಉಂಡೆಗೆ ಪುಟಾಣಿ ಪುಡಿ ಹೇಳಿ ಮಾಡಿಸಿದ ಹಾಗಿರುತ್ತದೆ. ಕಾರಣ ಇಷ್ಟೇ: ಅದು ಒಣ ಪುಡಿ, ನೀರು ಹೀರುತ್ತದೆ, ಸಾರಿನಲ್ಲಿ ಸುತ್ತಲೂ ನೀರೇ ಇದೆ. ಓವನ್‌ನಲ್ಲಿ ಸುತ್ತಲೂ ಬಿಸಿ ಗಾಳಿ. ಅಲ್ಲಿ ಪುಟಾಣಿ ಪುಡಿ ನೀರು ಹುಡುಕಿಕೊಂಡು ಹೋಗುವುದು ಮಾಂಸದ ಒಳಗೇ. ಅದಕ್ಕೇ ಉಂಡೆ ಬಿಗಿಯುತ್ತದೆ.

ಇಟಲಿ ಮನೆಗಳಲ್ಲಿ ಹಳೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಹಾಕುತ್ತಾರೆ. ಅಂದರೆ ಮೊದಲೇ ನೀರು ಕುಡಿದ ಪಿಷ್ಟವನ್ನು ಸೇರಿಸುತ್ತಾರೆ. ಮಾಂಸ ಬೆಂದಾಗ ಅದರ ಎಳೆಗಳು ಕುಗ್ಗಿ ಒಳಗಿನ ರಸವನ್ನು ಹಿಂಡುತ್ತವೆ, ಆ ರಸವನ್ನು ಈ ನೆನೆದ ಬ್ರೆಡ್ ಹಿಡಿದಿಟ್ಟುಕೊಳ್ಳುತ್ತದೆ. ಎಳೆಗಳ ಮಧ್ಯೆ ಕೂತು ಅವು ಒಂದಕ್ಕೊಂದು ಬಿಗಿಯಾಗಿ ಅಂಟದ ಹಾಗೂ ಮಾಡುತ್ತದೆ.

ಬ್ರೆಡ್ ಇದ್ದರೆ ಎರಡು ಸ್ಲೈಸ್ ಹಾಕಿ, ಯಾವ ತೊಂದರೆಯೂ ಇಲ್ಲ. ಆದರೆ ದಾವಣಗೆರೆಯಲ್ಲಿ ಕೂತು ಬ್ರೆಡ್ ಹುಡುಕುವುದು ಯಾಕೆ ಅಂತ ಒಂದು ದಿನ ಡಬ್ಬಿಯಲ್ಲಿದ್ದ ಮಂಡಕ್ಕಿ ತೆಗೆದೆ. ಆವತ್ತಿನಿಂದ ನಾನು ಬ್ರೆಡ್‌ಗೆ ವಾಪಸ್ ಹೋಗಿಲ್ಲ. ಯೋಚಿಸಿ ನೋಡಿ, ಮಂಡಕ್ಕಿ ಭಟ್ಟಿಯಲ್ಲಿ ಏನು ಮಾಡುತ್ತಾರೆ? ಭತ್ತವನ್ನು ನೆನೆಸಿ, ಬಿಸಿ ಮಾಡಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಹಿಡಿಸಿ, ಕಾದ ಮರಳಿನಲ್ಲಿ ಅರಳಿಸುತ್ತಾರೆ. ಅದರ ಪಿಷ್ಟ ಆಗಲೇ ಬೆಂದಿದೆ, ಒಳಗೆಲ್ಲ ಗಾಳಿಯ ಗೂಡು. ಹಾಲು ಬಿದ್ದ ತಕ್ಷಣ ಕುಡಿದು ಮೆತ್ತಗಾಗುತ್ತದೆ. ಬ್ರೆಡ್‌ನಲ್ಲಿರುವ ಸಿಹಿಯೂ ಇರುವುದಿಲ್ಲ.

ಮಂಡಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ. ಬಟ್ಟಲಿಗೆ ಹಾಕಿ ಹಾಲು ಹಾಕಿ ಹತ್ತು ನಿಮಿಷ ಬಿಡಿ. ಬೆರಳಲ್ಲಿ ಮುಟ್ಟಿದರೆ ದಪ್ಪ ಗಂಜಿಯ ಹಾಗಿರಬೇಕು. ಗಟ್ಟಿ ಅನಿಸಿದರೆ ಇನ್ನೊಂದು ಚಮಚ ಹಾಲು. ಒಂದು ಎಚ್ಚರ: ಮಂಡಕ್ಕಿಯಲ್ಲೇ ಉಪ್ಪಿರುತ್ತದೆ, ಒಂದೊಂದು ಅಂಗಡಿಯದು ಒಂದೊಂದು ತರ. ನಾಲ್ಕು ಕಾಳು ಬಾಯಿಗೆ ಹಾಕಿ ನೋಡಿ, ಉಪ್ಪು ಜಾಸ್ತಿ ಇದ್ದರೆ ಮೇಲೆ ಹಾಕುವ ಉಪ್ಪನ್ನು ಮುಕ್ಕಾಲು ಚಮಚಕ್ಕೆ ಇಳಿಸಿ. ಒಗ್ಗರಣೆ ಹಾಕಿದ ಮಂಡಕ್ಕಿ ಬೇಡ, ಬರೀ ಮಂಡಕ್ಕಿ ಬೇಕು.

ಕಲಸುವುದು

ಈರುಳ್ಳಿಯನ್ನು ತುಂಬಾ ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಹುರಿದು, ಪೂರ್ತಿ ಆರಿಸಿ. ಹಸಿ ಈರುಳ್ಳಿ ಹಾಕಿದರೆ ಓವನ್‌ನಲ್ಲಿ ನೀರು ಬಿಟ್ಟು ಉಂಡೆ ಬಿರಿಯುತ್ತದೆ. ಬಿಸಿ ಈರುಳ್ಳಿ ಹಾಕಿದರೆ ನೆಣ ಅಲ್ಲೇ ಕರಗಲು ಶುರು ಆಗುತ್ತದೆ. ಎರಡೂ ಬೇಡ.

ನೆನೆದ ಮಂಡಕ್ಕಿಗೆ ಮೊಟ್ಟೆ, ಆರಿದ ಈರುಳ್ಳಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಮೆಣಸು, ಸೋಂಪು, ಕೊತ್ತಂಬರಿ, ಉಪ್ಪು ಎಲ್ಲ ಹಾಕಿ ಚೆನ್ನಾಗಿ ಕದಡಿ. ಇಲ್ಲಿ ಎಷ್ಟು ಕದಡಿದರೂ ನಡೆಯುತ್ತದೆ. ಖೀಮಾ ಬರುವುದು ಕೊನೆಗೆ, ಅದೂ ಫ್ರಿಜ್‌ನಿಂದ ತಣ್ಣಗೆ.

ಖೀಮಾ ಹಾಕಿದ ಮೇಲೆ ಕೈಯಲ್ಲಿ ಬಲ ಇರಬಾರದು. ಚಪಾತಿ ಹಿಟ್ಟಿನ ಹಾಗೆ ನಾದಿದಿರೋ, ಕೆಟ್ಟಿತು. ಮಾಂಸಕ್ಕೆ ಉಪ್ಪು ಸೇರಿಸಿ ನಾದಿದರೆ ಅದರೊಳಗಿನ ಪ್ರೋಟೀನ್ ಬಿಟ್ಟುಕೊಂಡು ಅಂಟಂಟಾಗುತ್ತದೆ, ಬೆಂದ ಮೇಲೆ ಆ ಅಂಟೇ ರಬ್ಬರಿನ ಹಾಗೆ ಬಿಗಿಯುತ್ತದೆ. ಬೆರಳುಗಳನ್ನು ಅಗಲ ಮಾಡಿ, ಬುಡದಿಂದ ಮೇಲಕ್ಕೆ ಎತ್ತಿ ಎತ್ತಿ ಮಡಚಿ, ಅವಲಕ್ಕಿ ಕಲಸುವ ಹಾಗೆ. ಒಂದು ನಿಮಿಷ ಸಾಕು. ಬಿಳಿ ಮಂಡಕ್ಕಿ ಗಂಜಿ ಬೇರೆಯಾಗಿ ಕಾಣಿಸದಿದ್ದರೆ ನಿಲ್ಲಿಸಿ.

ಹಸಿದನ್ನು ನಾಲಿಗೆಗೆ ಹಚ್ಚಿ ಉಪ್ಪು ನೋಡಬೇಡಿ. ಗೋಲಿಯಷ್ಟು ತೆಗೆದು ಚಪ್ಪಟೆ ಮಾಡಿ ತವಾದ ಮೇಲೆ ಎರಡೂ ಕಡೆ ಬೇಯಿಸಿ ತಿಂದು ನೋಡಿ. ಉಪ್ಪು, ಖಾರ ಸರಿಮಾಡಲು ಇದೇ ಸಮಯ.

ಕೈಗೆ ನೀರು ಹಚ್ಚಿಕೊಂಡು ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ. ತೂಗಿದರೆ 35 ಗ್ರಾಂ ಆಸುಪಾಸು. ಎಲ್ಲ ಒಂದೇ ಗಾತ್ರ ಇರಲಿ, ಇಲ್ಲದಿದ್ದರೆ ಸಣ್ಣವು ಒಣಗುತ್ತವೆ, ದೊಡ್ಡವು ಹಸಿ ಉಳಿಯುತ್ತವೆ. ಒತ್ತಿ ಒತ್ತಿ ಉರುಟು ಮಾಡಬೇಡಿ. ಮುಗಿದ ಮೇಲೆ ತಟ್ಟೆಯಲ್ಲಿ ಜೋಡಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಇದನ್ನು ಬಿಟ್ಟರೆ ಉಂಡೆ ಟ್ರೇ ಮೇಲೆ ಕೂತಲ್ಲೇ ಚಪ್ಪಟೆಯಾಗುತ್ತದೆ. ಆ ಅರ್ಧ ಗಂಟೆ ಸಾಸ್‌ಗೆ.

ಸಾಸ್

ಬಾಟಲಿ ಕೆಚಪ್ ಸುರಿಯುವ ಯೋಚನೆ ದಯವಿಟ್ಟು ಬೇಡ. ಅದರಲ್ಲಿ ಸಕ್ಕರೆ, ವಿನೆಗರ್ ಜಾಸ್ತಿ, ಮಾಂಸಕ್ಕೆ ಹೊಂದುವುದಿಲ್ಲ.

ಟೊಮೆಟೊ ಆರಿಸುವಾಗ ಅರ್ಧ ಜವಾರಿ, ಅರ್ಧ ಹೈಬ್ರಿಡ್ ತೆಗೆದುಕೊಳ್ಳಿ. ಜವಾರಿ ಮಾತ್ರ ಹಾಕಿದರೆ ಹುಳಿ ಹಲ್ಲು ಚುಳ್ ಅನ್ನಿಸುತ್ತದೆ, ನೀರೂ ಜಾಸ್ತಿ. ಹೈಬ್ರಿಡ್ ಮಾತ್ರ ಹಾಕಿದರೆ ದಪ್ಪ ಬರುತ್ತದೆ, ರುಚಿ ಸಪ್ಪೆ. ಯಾವುದಾದರೂ ಪೂರ್ತಿ ಕೆಂಪಾಗಿ ಹಣ್ಣಾಗಿರಬೇಕು. ಕಾಯಿ ಕಾಯಿ ಇದ್ದರೆ ಎರಡು ದಿನ ಹೊರಗಿಟ್ಟು ಹಣ್ಣು ಮಾಡಿ.

ತಳದಲ್ಲಿ ಕತ್ತರಿ ಗುರುತು ಹಾಕಿ ಒಂದು ನಿಮಿಷ ಕುದಿಯುವ ನೀರಿಗೆ ಬಿಟ್ಟರೆ ಸಿಪ್ಪೆ ಸುಲಭವಾಗಿ ಸುಲಿಯುತ್ತದೆ. ಬೀಜ, ಬೀಜದ ಸುತ್ತಲಿನ ಲೋಳೆ ತೆಗೆಯಬೇಡಿ, ರುಚಿ ಇರುವುದು ಅಲ್ಲೇ. ಕೈಯಲ್ಲಿ ಹಿಸುಕಿ ಅಥವಾ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ. ಬ್ಯಾಡಗಿ ಮೆಣಸಿನಕಾಯಿಯ ಬೀಜ ಉದುರಿಸಿ, ಬಿಸಿನೀರಲ್ಲಿ ನೆನೆಸಿ ನುಣ್ಣಗೆ ರುಬ್ಬಿಕೊಳ್ಳಿ. ಇದು ಇಟಲಿಯ ಪದ್ಧತಿ ಅಲ್ಲ, ನನ್ನದು. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಸಾಸ್ ಕಡು ಕೆಂಪಾಗುತ್ತದೆ, ಮಕ್ಕಳೂ ತಿನ್ನುತ್ತಾರೆ.

ದಪ್ಪ ತಳದ ಸ್ಟೀಲ್ ಪಾತ್ರೆ ಇಡಿ. ಬರೀ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಬಾಣಲೆ ಬೇಡ, ಟೊಮೆಟೊ ಹುಳಿ ಅರ್ಧ ಗಂಟೆ ಕುದ್ದರೆ ಲೋಹದ ರುಚಿ ಬಿಡುತ್ತದೆ. ಎಣ್ಣೆ ಕಾಯಿಸಿ ಈರುಳ್ಳಿ ಹಾಕಿ. ಇಲ್ಲಿ ಅವಸರ ಮಾಡಬೇಡಿ, ಹತ್ತು ನಿಮಿಷ ಸಣ್ಣ ಉರಿ, ಕೆಂಪಾಗಬಾರದು, ಕರಗಿದ ಹಾಗಾಗಬೇಕು. ಚಿತ್ರದುರ್ಗದ ಕಡೆ ಬೆಳೆಯುವ ಈರುಳ್ಳಿ ಹೊಸದಾಗಿ ಬಂದಾಗ ನೀರು ಜಾಸ್ತಿ ಇರುತ್ತದೆ, ಆಗ ಇನ್ನೂ ನಾಲ್ಕು ನಿಮಿಷ ಬೇಕು. ಬೆಳ್ಳುಳ್ಳಿ ಹಾಕಿ ಒಂದು ನಿಮಿಷ. ರುಬ್ಬಿದ ಮೆಣಸಿನಕಾಯಿ ಹಾಕಿ ಎಣ್ಣೆ ಬಿಡುವ ತನಕ ಎರಡು ನಿಮಿಷ. ಆಮೇಲೆ ಟೊಮೆಟೊ, ಉಪ್ಪು. ಮುಚ್ಚಳ ಓರೆಯಾಗಿ ಇಟ್ಟು 30ರಿಂದ 35 ನಿಮಿಷ, ಆಗಾಗ ತಳ ಕೆದಕುತ್ತಾ.

ಆಯಿತು ಅಂತ ಹೇಗೆ ಗೊತ್ತಾಗುವುದು? ಚಮಚದಲ್ಲಿ ಪಾತ್ರೆಯ ತಳಕ್ಕೆ ಒಂದು ಗೆರೆ ಎಳೆಯಿರಿ. ಗೆರೆ ತಕ್ಷಣ ಮುಚ್ಚಿಕೊಳ್ಳದೆ ಒಂದೆರಡು ಕ್ಷಣ ನಿಂತರೆ ಆಯಿತು. ಅಂಚಿನಲ್ಲಿ ಎಣ್ಣೆಯೂ ಕಾಣಿಸುತ್ತದೆ. ಈಗ ಬೆಣ್ಣೆ ಹಾಕಿ ಒಲೆ ಆರಿಸಿ. ಬೆಣ್ಣೆ ದೋಸೆಯ ಊರಲ್ಲಿ ಒಳ್ಳೆ ಬೆಣ್ಣೆ ಎಲ್ಲಿ ಸಿಗುತ್ತದೆ ಅಂತ ನಿಮಗೇ ಗೊತ್ತಿರುತ್ತದೆ. ಅದು ಟೊಮೆಟೊದ ಚೂಪು ಹುಳಿಯನ್ನು ಮೃದು ಮಾಡುತ್ತದೆ, ಸಕ್ಕರೆ ಹಾಕುವ ಅವಶ್ಯಕತೆಯೇ ಬರುವುದಿಲ್ಲ. ಆದರೂ ತುಂಬಾ ಹುಳಿ ಅನಿಸಿದರೆ ಕಡಲೆಕಾಳಿನಷ್ಟು ಬೆಲ್ಲ.

ವಿದೇಶಿ ಅಡುಗೆಯಲ್ಲಿ ಬೇಸಿಲ್ ಅಂತಾರಲ್ಲ, ಅದು ನಮ್ಮ ಕಾಮಕಸ್ತೂರಿ. ತುಳಸಿ ಹಾಕಬೇಡಿ, ಅದರ ಘಾಟು ಬೇರೆ. ಹೂವಿನ ಮಾರುಕಟ್ಟೆಯಲ್ಲಿ ಸಿಗುವ ಕಾಮಕಸ್ತೂರಿ ಮಾಲೆ ಕಟ್ಟಲು ಬೆಳೆದದ್ದು, ಔಷಧಿ ಹೊಡೆದಿರಬಹುದು. ಒಂದು ಗಿಡ ತಂದು ಕುಂಡದಲ್ಲಿ ಹಾಕಿ, ಹೊಸದಾಗಿ ಚಿಗುರಿದ ಎಲೆ ಬಳಸಿ.

ಓವನ್‌ಗೆ ಇಡುವುದು

ಓಟಿಜಿಯನ್ನು (ಮನೆಯಲ್ಲಿ ಬಳಸುವ ಚಿಕ್ಕ ಕರೆಂಟ್ ಓವನ್) 200 ಡಿಗ್ರಿಗೆ ಇಟ್ಟು, ಮೇಲೆ ಕೆಳಗೆ ಎರಡೂ ರಾಡ್ ಹಾಕಿ, 15 ನಿಮಿಷ ಖಾಲಿ ಕಾಯಿಸಿ. ಗೋಡೆಯ ದೊಡ್ಡ ಪವರ್ ಸಾಕೆಟ್‌ಗೇ ಹಾಕಿ, ಚಿಕ್ಕ ಸಾಕೆಟ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಓಡಿಸಬೇಡಿ, ವೈರ್ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಕಾಯಲು ಇನ್ನೂ ಸಮಯ ಕೊಡಿ. 230 ಇರಬೇಕಾದ ವೋಲ್ಟೇಜ್ 200ಕ್ಕೆ ಬಂದರೆ ರಾಡ್ ಕೊಡುವ ಶಾಖ ಹತ್ತಿರಹತ್ತಿರ ಕಾಲು ಭಾಗ ಕಡಿಮೆಯಾಗುತ್ತದೆ. "ಹೇಳಿದಷ್ಟೇ ನಿಮಿಷ ಇಟ್ಟೆ, ಕೆಂಪಾಗಲೇ ಇಲ್ಲ" ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಟ್ರೇಗೆ ಬೇಕಿಂಗ್ ಪೇಪರ್ ಹಾಸಿ ಎಣ್ಣೆ ಸವರಿ. ಉಂಡೆಗಳ ಮಧ್ಯೆ ಒಂದು ಬೆರಳಿನಷ್ಟು ಜಾಗ ಬಿಡಿ. ಒತ್ತೊತ್ತಾಗಿ ಇಟ್ಟರೆ ಒಂದರ ಆವಿಯಲ್ಲಿ ಇನ್ನೊಂದು ಬೆಂದು ಬೂದು ಬಣ್ಣಕ್ಕೆ ಬರುತ್ತದೆ, ನಮಗೆ ಬೇಕಾದ ಕೆಂಪು ಹೊರಪದರ ಬರುವುದಿಲ್ಲ. ಚಿಕ್ಕ ಓಟಿಜಿ ಆದರೆ ಎರಡು ಸಲ ಮಾಡಿ. ಮೇಲೆ ಸ್ವಲ್ಪ ಎಣ್ಣೆ ಸವರಿ ಮಧ್ಯದ ಹಂತದಲ್ಲಿಡಿ.

ಹನ್ನೊಂದು ಹನ್ನೆರಡು ನಿಮಿಷಕ್ಕೆ ಒಮ್ಮೆ ಮಗುಚಿ. ಒಟ್ಟು 18ರಿಂದ 20 ನಿಮಿಷ. ಉಂಡೆಯ ಪಕ್ಕ ಬಿಳಿ ನೊರೆಯ ಹಾಗೆ ಏನಾದರೂ ಒಸರಿದರೆ ಗಾಬರಿಯಾಗಬೇಡಿ, ಅದು ಮಾಂಸದ ಪ್ರೋಟೀನ್, ಒರೆಸಿ ಹಾಕಿ. ಅಡುಗೆ ಥರ್ಮಾಮೀಟರ್ ಇದ್ದರೆ ಮಟನ್ ಉಂಡೆಯ ಮಧ್ಯ 71 ಡಿಗ್ರಿ, ಚಿಕನ್ ಆದರೆ 74 ಡಿಗ್ರಿ ಬರಬೇಕು. ಇಲ್ಲದಿದ್ದರೆ ಎಲ್ಲಕ್ಕಿಂತ ದೊಡ್ಡ ಉಂಡೆಯನ್ನು ಕತ್ತರಿಸಿ ನೋಡಿ. ಮಧ್ಯದಲ್ಲಿ ಹಸಿ ಮೆತ್ತನೆ ಭಾಗ ಇರಬಾರದು. ಒಂದಿಷ್ಟು ಗುಲಾಬಿ ಕಂಡರೆ ಸಾಸ್‌ನಲ್ಲಿ ಬೇಯಲು ಇನ್ನೂ ಸಮಯ ಇದೆ.

ಮಧ್ಯದಲ್ಲಿ ಕರೆಂಟ್ ಹೋದರೆ? ನಮ್ಮ ಮನೆಯಲ್ಲಿ ನೆಂಟರು ಬಂದ ದಿನವೇ ಹೋಗಿತ್ತು, ಹತ್ತು ನಿಮಿಷ ಆಗಿತ್ತಷ್ಟೇ. ಬಾಗಿಲು ತೆಗೆಯದೆ ಕಾಯುತ್ತಾ ಕೂರಬೇಡಿ. ಉಂಡೆಗಳನ್ನು ಹಾಗೆಯೇ ಕುದಿಯುವ ಸಾಸ್‌ಗೆ ಹಾಕಿ, ಮುಚ್ಚಿ, ಗ್ಯಾಸ್ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ. ಹೊರಪದರ ಸ್ವಲ್ಪ ಕಡಿಮೆ ಕೆಂಪಾಗಿತ್ತು ಅನ್ನುವುದು ಬಿಟ್ಟರೆ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಸಾಸ್‌ಗೆ ಇಳಿಸಿ ಇನ್ನೊಮ್ಮೆ

ಓವನ್‌ಗೆ ನಡೆಯುವ ಗಾಜಿನ ಅಥವಾ ಸ್ಟೀಲ್ ಪಾತ್ರೆಗೆ ಬಿಸಿ ಸಾಸ್ ಹಾಕಿ. ತೀರಾ ಗಟ್ಟಿ ಇದ್ದರೆ ಕಾಲು ಕಪ್ ಬಿಸಿನೀರು ಬೆರೆಸಿ, ಓವನ್‌ನಲ್ಲಿ ಇನ್ನೂ ಒಣಗುತ್ತದೆ. ಉಂಡೆಗಳು ಅರ್ಧ ಮುಳುಗುವ ಹಾಗೆ ಜೋಡಿಸಿ, ಮೇಲಿನ ಅರ್ಧಕ್ಕೆ ಚಮಚದಲ್ಲಿ ಸಾಸ್ ಹಾಕಿ. ಟ್ರೇಯಲ್ಲಿ ಇಳಿದ ರಸವನ್ನು ಚೆಲ್ಲಬೇಡಿ. ನೆಣ ಜಾಸ್ತಿ ತೇಲುತ್ತಿದ್ದರೆ ಅದನ್ನಷ್ಟು ತೆಗೆದು, ಉಳಿದ ಕಂದು ರಸವನ್ನು ಸಾಸ್‌ಗೆ ಸೇರಿಸಿ.

ಫಾಯಿಲ್ ಮುಚ್ಚಿ 180 ಡಿಗ್ರಿಯಲ್ಲಿ 12 ನಿಮಿಷ, ಫಾಯಿಲ್ ತೆಗೆದು ಇನ್ನೂ 5 ನಿಮಿಷ. ಚೀಸ್ ಬೇಕಾದವರು ಫಾಯಿಲ್ ತೆಗೆದಾಗ ತುರಿದು ಹಾಕಿ. ನಾನು ಹಾಕುವುದಿಲ್ಲ, ನನಗೆ ಸಾಸ್‌ನ ರುಚಿ ಮುಚ್ಚಿಹೋದ ಹಾಗೆ ಅನಿಸುತ್ತದೆ. ಹೊರಗೆ ತೆಗೆದ ಗಾಜಿನ ಪಾತ್ರೆಯನ್ನು ಒದ್ದೆ ಕಟ್ಟೆಯ ಮೇಲೆ ಇಡಬೇಡಿ, ಒಡೆಯುತ್ತದೆ, ಒಣ ಬಟ್ಟೆ ಹಾಸಿ ಇಡಿ. ಹತ್ತು ನಿಮಿಷ ಬಿಟ್ಟು ಬಡಿಸಿ, ಆಗ ಉಂಡೆ ಸಾಸ್ ಹೀರಿಕೊಂಡು ಹದಕ್ಕೆ ಬಂದಿರುತ್ತದೆ.

ಓವನ್ ಇಲ್ಲದವರು ಪಡ್ಡು ಹಂಚು ತೆಗೆಯಿರಿ

ನಿಜವಾಗಿ ಹೇಳುತ್ತೇನೆ, ಓವನ್ ಆದ ಮೇಲೆ ಇದಕ್ಕೆ ಪಡ್ಡು ಹಂಚಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಗುಳಿಗಳು ಉರುಟಾಗಿರುವುದರಿಂದ ಉಂಡೆ ಆಕಾರ ಕೆಡುವುದಿಲ್ಲ. ಉಂಡೆಯನ್ನು ಗುಳಿಯ ಗಾತ್ರಕ್ಕೆ ಸ್ವಲ್ಪ ಚಿಕ್ಕದು ಮಾಡಿ, ಗುಳಿಗೆ ಅರ್ಧ ಚಮಚ ಎಣ್ಣೆ ಹಾಕಿ, ಮಧ್ಯಮ ಉರಿಯಲ್ಲಿ ಮುಚ್ಚಿ ನಾಲ್ಕು ನಿಮಿಷ, ಕಡ್ಡಿಯಿಂದ ತಿರುಗಿಸಿ ಇನ್ನೂ ನಾಲ್ಕು ನಿಮಿಷ. ಆಮೇಲೆ ಸಾಸ್‌ನಲ್ಲಿ ಮುಚ್ಚಿ 15 ನಿಮಿಷ. ಓವನ್‌ನ ಹಾಗೆ ಸುತ್ತಲೂ ಒಂದೇ ಸಮ ಕೆಂಪಾಗುವುದಿಲ್ಲ, ಆದರೆ ರುಚಿಯಲ್ಲಿ ಕಡಿಮೆ ಏನಿಲ್ಲ.

ಯಾವುದರ ಜೊತೆ, ಉಳಿದರೆ ಹೇಗೆ

ಸ್ಪಗೆಟಿ ಜೊತೆ ಚೆನ್ನಾಗಿರುತ್ತದೆ, ಪಾವ್ ಜೊತೆಯೂ. ನಮ್ಮ ಮನೆಯಲ್ಲಿ ಗೆದ್ದದ್ದು ಖಾಲಿ ದೋಸೆ. ಮೆತ್ತಗೆ, ತೂತು ತೂತಾಗಿರುವ ಬಿಸಿ ಖಾಲಿ ದೋಸೆ ಸಾಸ್ ಹೀರಿಕೊಳ್ಳುವ ಹಾಗೆ ಸ್ಪಗೆಟಿ ಹೀರುವುದಿಲ್ಲ. ನಮ್ಮವ್ವ ಮಾತ್ರ ಬಿಸಿ ಜೋಳದ ರೊಟ್ಟಿಗೇ ಹಾಕಿಸಿಕೊಳ್ಳುತ್ತಾರೆ, ಪಕ್ಕದಲ್ಲಿ ಹಸಿ ಈರುಳ್ಳಿ ಇಟ್ಟುಕೊಂಡು.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಸುಡು ಬೇಸಿಗೆಯಲ್ಲಿ ಒಂದೇ ಗಂಟೆ. ಮೂರು ದಿನ ಚೆನ್ನಾಗಿರುತ್ತದೆ, ಎರಡನೇ ದಿನ ರುಚಿ ಇನ್ನೂ ಜಾಸ್ತಿ. ಮುಂದಕ್ಕೆ ಇಡಬೇಕಾದರೆ ಓವನ್‌ನಲ್ಲಿ ಪೂರ್ತಿ ಬೇಯಿಸಿದ ಉಂಡೆಯನ್ನು ಸಾಸ್‌ಗೆ ಹಾಕುವ ಮೊದಲೇ ಆರಿಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಆಮೇಲೆ ಕವರ್‌ಗೆ ತುಂಬಿ. ಎರಡು ತಿಂಗಳು ಇರುತ್ತದೆ. ಟೊಮೆಟೊ ಅಗ್ಗವಾದಾಗ ಸಾಸ್ ಕೂಡ ಮಾಡಿ ಹೀಗೆಯೇ ಇಡಬಹುದು. ಬೇಕಾದ ದಿನ ಸಾಸ್ ಕುದಿಸಿ, ಗಟ್ಟಿ ಉಂಡೆಗಳನ್ನು ಕರಗಿಸದೆ ಹಾಗೆಯೇ ಬಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ 20 ನಿಮಿಷ. ಅಷ್ಟರಲ್ಲಿ ದೋಸೆ ಹಂಚು ಕಾಯಿಸಿಕೊಳ್ಳಿ.